ಹೊಸೂರಿನ ಡ್ರಾಸ್ ಜಾಬ್‌ವರ್ಕ್: ಕುಲುಮೆ ಸರಿ, ತೂಕ ಸರಿಯಿಲ್ಲ

ಹೊಸೂರು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಡೈಕಾಸ್ಟಿಂಗ್ (ಕರಗಿದ ಲೋಹವನ್ನು ಅಚ್ಚಿಗೆ ಒತ್ತಿ ಎರೆಯುವ) ಶೆಡ್‌ಗಳಿಂದ ಅಲ್ಯೂಮಿನಿಯಂ ಡ್ರಾಸ್ (ಕರಗಿದ ಲೋಹದ ಮೇಲೆ ಕಟ್ಟುವ, ಲೋಹ ಬೆರೆತ ಆಕ್ಸೈಡ್ ಕೆನೆ) ಒಯ್ದು, ಕರಗಿಸಿ, ಇಂಗಾಟ್ (ಲೋಹದ ಇಟ್ಟಿಗೆ) ಮಾಡಿ ವಾಪಸ್ ಕೊಡುವ ಜಾಬ್‌ವರ್ಕ್ ಘಟಕವೊಂದರ ವಿಮರ್ಶೆ ಇದು. 5ಕ್ಕೆ 3 ಅಂಕ.

ಕುಲುಮೆಯಲ್ಲಿ ಕೊಂಕಿಲ್ಲ. ಟಿಲ್ಟಿಂಗ್ ರೋಟರಿ, ಅಂದರೆ ವಾಲಿಸಬಹುದಾದ ತಿರುಗು ಕುಲುಮೆ; ಹಳೆಯ ಅಡ್ಡ ಡ್ರಮ್ಮಿಗಿಂತ ಉಪ್ಪು ಬಹಳ ಕಮ್ಮಿ ಸಾಕು. ಉಪ್ಪೆಂದರೆ ಸೋಡಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡ್, ಜತೆಗೆ ಚೂರು ಕ್ರಯೊಲೈಟ್ ಎಂಬ ಫ್ಲೋರೈಡ್ ಲವಣ. ಕ್ರಯೊಲೈಟ್ ಉಳಿಸಲು ಹೋದರೆ ಆಕ್ಸೈಡ್ ಪೊರೆ ಬಿಡುವುದಿಲ್ಲ. ಲೋಹ 660 ಡಿಗ್ರಿಗೇ ಕರಗಿದರೂ ಹನಿಗಳು ಒಂದಕ್ಕೊಂದು ಕೂಡದೆ ಕಿಟ್ಟದ ಜತೆ ಹೊರಬೀಳುತ್ತವೆ. ಇಲ್ಲಿನ ಕಿಟ್ಟ ಒಡೆದರೆ ಅಂಥ ಗುಂಡುಗಳು ವಿರಳ.

ತಕರಾರಿರುವುದು ತೂಕದಲ್ಲಿ. ಒಳಬಂದ ಡ್ರಾಸ್, ಹೊರಹೋದ ಇಂಗಾಟ್ ಎರಡನ್ನೇ ತೂಗುತ್ತಾರೆ. ಹಾಕಿದ ಉಪ್ಪು, ಉಳಿದ ಕಿಟ್ಟ ಲೆಕ್ಕಕ್ಕೇ ಇಲ್ಲ. ಹಾಗಾಗಿ ಲಾರಿ ಹೊರಡುವ ಮೊದಲೇ ಡ್ರಾಸ್‌ನಲ್ಲಿ ಎಷ್ಟು ಲೋಹವಿದೆ ಎಂಬ ಅಂಕಿ ನಿಮ್ಮ ಕೈಯಲ್ಲಿರಲಿ. ಡ್ರಾಸ್‌ನ ಗಡ್ಡೆ, ಪುಡಿ ಎರಡನ್ನೂ ಅವು ಇರುವ ಪ್ರಮಾಣದಲ್ಲೇ ತೆಗೆದು ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಬಿಡುತ್ತಾ 1 ಕೆಜಿಗೆ ಇಳಿಸಿ. ಅಷ್ಟೇ ತೂಕದ ಅದೇ ಒಣ ಉಪ್ಪಿನ ಮಿಶ್ರಣದೊಂದಿಗೆ ಗ್ರಾಫೈಟ್ ಮೂಸೆಯಲ್ಲಿ 800 ಡಿಗ್ರಿ ಆಸುಪಾಸು ಕಲಕಿ, ಒಣ ಅಚ್ಚಿಗೆ ಸುರಿದು, ತಣ್ಣಗಾದ ಮೇಲೆ ಲೋಹದ ಗಟ್ಟಿಯನ್ನು ತೊಳೆದು ತೂಗಿ. ತೊಳೆಯುವುದು ಬಯಲಲ್ಲೇ ಆಗಲಿ, ನೀರು ತಗುಲಿದ ಕಿಟ್ಟದಿಂದ ಏಳುವ ಅಮೋನಿಯಾ ಮೂಗು ಸುಡುತ್ತದೆ. ಗಟ್ಟಿ 400 ಗ್ರಾಂ ಬಂದರೆ, ದೊಡ್ಡ ಕುಲುಮೆಯ ನಷ್ಟ ಕಳೆದು ಟನ್ನಿಗೆ 340–360 ಕೆಜಿ ಕೇಳಬಹುದು. 300ಕ್ಕಿಂತ ಇಳಿದರೆ ಲೋಹ ಕಿಟ್ಟದಲ್ಲಿದೆ, ಇಲ್ಲವೇ ಬೇರೆಡೆ ಹೋಗಿದೆ.

ಸಣ್ಣ ಲಾಟುಗಳನ್ನು ಬೇರೆಯವರ ಮಾಲಿನೊಂದಿಗೆ ಬೆರೆಸುತ್ತಾರೆ. ಎಡಿಸಿ12 ಮಿಶ್ರಲೋಹದ ಡ್ರಾಸ್ ಕಳಿಸುವವರಿಗೆ ಅಷ್ಟೇನೂ ಪೆಟ್ಟಿಲ್ಲ. ಎಲ್‌ಎಂ6 ಮಿಶ್ರಲೋಹದ್ದಾದರೆ ಕೆಟ್ಟಿತು: ಅದರಲ್ಲಿ ತಾಮ್ರ ಶೇ. 0.1 ಮೀರಬಾರದು, ಎಡಿಸಿ12ರಲ್ಲಿ ಶೇ. 1.5–3.5 ಇರುತ್ತದೆ. ಲಾಟಿಗೊಂದು ಸ್ಪೆಕ್ಟ್ರೋ ವರದಿ (ಲೋಹದಲ್ಲಿ ಏನೇನು ಎಷ್ಟಿದೆ ಎಂಬ ಪರೀಕ್ಷೆ) ಇಲ್ಲದೆ ಇಂಗಾಟ್ ಇಳಿಸಿಕೊಳ್ಳಬೇಡಿ.

ಹಾಗಂತ ಎಲ್ಲ ನಷ್ಟವನ್ನೂ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಎಷ್ಟೋ ಲೋಹ ನಮ್ಮ ಶೆಡ್ಡಿನ ಟ್ರಾಲಿಯಲ್ಲೇ ಉರಿದುಹೋಗುತ್ತದೆ. ಫ್ಲಕ್ಸ್ (ಲೋಹ ಬಿಡಿಸುವ ಉಪ್ಪಿನ ಪುಡಿ) ಎರಚಿ ಕಲಕದೆ ಬಾಚಿದರೆ ಡ್ರಾಸ್ ಒದ್ದೆಯಾಗಿ ಹೊಳೆಯುತ್ತದೆ, ಅದೆಲ್ಲ ಲೋಹವೇ. ಕೆಂಡದಂಥ ಆ ರಾಶಿಯನ್ನು ಹಾಗೇ ಬಿಟ್ಟರೆ ಒಳಗಿನ ಅಲ್ಯೂಮಿನಿಯಂ ಗಾಳಿಯ ಆಮ್ಲಜನಕ, ಸಾರಜನಕ ಎರಡನ್ನೂ ಹಿಡಿದು ತನ್ನ ಬಿಸಿಯಲ್ಲೇ ಬೇಯುತ್ತದೆ. ಬಾಚಿದ ತಕ್ಷಣ ಲೋಹ ಹಿಂಡಿ ತೆಗೆಯುವ ಡ್ರಾಸ್ ಪ್ರೆಸ್ಸಿಗೆ ಹಾಕಬೇಕು. ಪ್ರೆಸ್ ಇಲ್ಲದಿದ್ದರೆ ಒಣಗಿದ ಕಬ್ಬಿಣದ ತಟ್ಟೆಯಲ್ಲಿ ತೆಳ್ಳಗೆ ಹರಡಿ. ನೀರು ಮಾತ್ರ ಎರಚಲೇಬೇಡಿ.

ಹಿಂಗಾರಿನಲ್ಲಿ ನೆನೆದ ಚೀಲಗಳನ್ನು ಇವರು ವಾಪಸ್ ಕಳಿಸುತ್ತಾರೆ. ಅದು ಸರಿಯೇ. ಹಸಿ ಡ್ರಾಸ್ ಹೈಡ್ರೋಜನ್ ಬಿಡುತ್ತದೆ; ಕುಲುಮೆಗೆ ಬಿದ್ದರೆ ಸಿಡಿಯುತ್ತದೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಡ್ರಾಸ್ ಅನ್ನು 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ, ಸಾಗಣೆಗೆ ಫಾರಂ 10 ಎಂಬ ಸಾಗಣೆ ಚೀಟಿ ಬೇಕು. ಇಲ್ಲಿ ಫಾರಂ ಪ್ರತಿ ತಪ್ಪದೆ ಬರುತ್ತದೆ. ಅಗ್ಗವೆಂದು ಅತ್ತಿಬೆಲೆ ಗಡಿ ದಾಟಿಸಿ ಕರ್ನಾಟಕಕ್ಕೆ ಕಳಿಸುವವರು ಎರಡೂ ರಾಜ್ಯಗಳ ಮಾಲಿನ್ಯ ಮಂಡಳಿಗಳಿಗೆ ಮೊದಲೇ ತಿಳಿಸಬೇಕು.

ಇನ್ನು ಉಪ್ಪಿನ ಕಿಟ್ಟ. ಕಲ್ಲುಕ್ವಾರಿಗೆ ಸುರಿದರೆ ಮಳೆಗೆ ಕ್ಲೋರೈಡ್ ಕರಗಿ ಬೋರ್‌ವೆಲ್ ಸೇರುತ್ತದೆ, ಆದ್ದರಿಂದ ಅಧಿಕೃತ ವಿಲೇವಾರಿ ಘಟಕದ ರಸೀದಿ ಕೇಳಲೇಬೇಕು. ಕೇಳಿದರೆ ಇಲ್ಲಿ ಮಾತು ತೇಲಿಸುತ್ತಾರೆ. ಕಡಿದ ಎರಡು ಅಂಕದಲ್ಲಿ ಒಂದು ತೂಕಕ್ಕೆ, ಇನ್ನೊಂದು ಇದಕ್ಕೆ.