ಪಾಟನ್ ದರ್ಬಾರ್ ಚೌಕ, ಮ್ಯೂಸಿಯಂ: ಗೋಪುರ ಆಮೇಲೆ, ಮೊದಲು ಕಂಬದ ಬುಡ ನೋಡಿ

ನಮ್ಮ ಕಡೆಯ ನೇಪಾಳ ಪ್ಯಾಕೇಜ್ ಟೂರುಗಳಲ್ಲಿ ಪಶುಪತಿನಾಥ, ಸ್ವಯಂಭೂ, ಬುಢಾನೀಲಕಂಠ ಮುಗಿಯುತ್ತಲೇ ಮುಕ್ತಿನಾಥದ ದಾರಿ. ಬಾಗ್ಮತಿ ನದಿಯ ಆಚೆ ದಡದ ಪಾಟನ್‌ಗೆ, ಅಂದರೆ ಲಲಿತಪುರಕ್ಕೆ, ಸಿಕ್ಕರೆ ಒಂದು ಗಂಟೆ. ಅದು ಸಾಲದು. ಇಲ್ಲಿಗೆ ಅರ್ಧ ದಿನ ಬೇಕು, ಅಷ್ಟು ಕೊಟ್ಟವರಿಗೆ ಟಿಕೆಟ್ ದುಡ್ಡು ದಂಡ ಅನ್ನಿಸುವುದಿಲ್ಲ.

ಒಂದೇ ಟಿಕೆಟ್ಟಿನಲ್ಲಿ ಚೌಕ, ಮ್ಯೂಸಿಯಂ, ಅರಮನೆಯ ಒಳ ಅಂಗಳಗಳಾದ ಮೂಲ ಚೌಕ್ ಮತ್ತು ಸುಂದರಿ ಚೌಕ್ ಎಲ್ಲವೂ ಸೇರಿವೆ. ಸಾರ್ಕ್ ದೇಶದವರಿಗೆ ದರ ಬೇರೆ, ಬಹಳ ಕಡಿಮೆ. ಕೌಂಟರಿನಲ್ಲಿ ಭಾರತೀಯರು ಎಂದು ಮೊದಲೇ ಹೇಳಿ, ಗುರುತಿನ ಚೀಟಿ ಕೈಯಲ್ಲಿರಲಿ. ನಮ್ಮ ಒಂದು ರೂಪಾಯಿಗೆ ಅಲ್ಲಿಯ 1.60, ನೂರರ ನೋಟು ಸಲೀಸಾಗಿ ನಡೆಯುತ್ತದೆ. ಟಿಕೆಟ್ಟನ್ನು ಹೊರಬರುವವರೆಗೂ ಜೋಪಾನ ಮಾಡಿ, ಒಳಗಿನ ಬಾಗಿಲುಗಳಲ್ಲಿ ಮತ್ತೆ ಕೇಳುತ್ತಾರೆ.

2015ರ ಏಪ್ರಿಲ್ 25ರಂದು, ಇನ್ನೇನು ಮಧ್ಯಾಹ್ನ ಎನ್ನುವಾಗ, 7.8 ತೀವ್ರತೆಯ ಭೂಕಂಪ ಬಂತು. 1566ರ ಚಾರ್ ನಾರಾಯಣ ದೇವಸ್ಥಾನ, 1706ರ ಮೂರಂತಸ್ತಿನ ಹರಿಶಂಕರ ದೇವಸ್ಥಾನ, ಮಂಗ ಹಿಟಿ ಎಂಬ ಕಲ್ಲಿನ ಕಾರಂಜಿಯ ಪಕ್ಕದ ಎರಡು ಮಣಿಮಂಟಪಗಳು ಪೂರ್ತಿ ನೆಲಕ್ಕೆ ಬಿದ್ದವು. ಎತ್ತರದ ಕಲ್ಲುಕಂಬದ ಮೇಲಿದ್ದ ರಾಜ ಯೋಗನರೇಂದ್ರ ಮಲ್ಲನ ಲೋಹದ ಮೂರ್ತಿಯೂ ಉರುಳಿತು. ಆದರೆ 1637ರ ಕೃಷ್ಣ ಮಂದಿರ ಬಿರುಕು ಬಿಟ್ಟರೂ ನಿಂತೇ ಇತ್ತು. ಈಗ ಹೋದವರಿಗೆ ಎಲ್ಲವೂ ಎದ್ದು ನಿಂತಂತೆ ಕಾಣುತ್ತದೆ. ಯಾವುದು ಹಳೆಯದು, ಯಾವುದು ಮತ್ತೆ ಕಟ್ಟಿದ್ದು ಎಂದು ಹೇಳುವ ಫಲಕಗಳು ಚೌಕದಲ್ಲಿ ಸಾಲವು. ಈ ಜಾಗದ ಮೇಲೆ ಇರುವ ದೊಡ್ಡ ದೂರು ಇದೇ. ಆದ್ದರಿಂದ ನೋಡುವುದು ಹೇಗೆ ಎಂಬುದನ್ನು ತಿಳಿದುಕೊಂಡೇ ಹೋಗಬೇಕು.

ಮೊದಲು ಗೋಡೆ. ಈ ಕಣಿವೆಯ ಮೂಲನಿವಾಸಿಗಳಾದ ನೇವಾರರ ದೇವಸ್ಥಾನದ ಗೋಡೆ ಒಂದಲ್ಲ, ಮೂರು ಪದರ. ಹೊರಗೆ ನುಣುಪಾದ ಕೆಂಪು ಇಟ್ಟಿಗೆ, ಒಳಗೆ ಸಾಧಾರಣ ಇಟ್ಟಿಗೆ, ನಡುವೆ ಕಲ್ಲುಚೂರು, ಇಟ್ಟಿಗೆ ಚೂರುಗಳನ್ನು ಕೆಸರಿನಲ್ಲಿ ತುಂಬಿದ ಹೂರಣ. ಹೊರಗಿನ ಇಟ್ಟಿಗೆಗೆ ದಾಚಿ ಅಪಾ ಎನ್ನುತ್ತಾರೆ. ಅದು ಹಿಂಬದಿಗೆ ಸಣ್ಣಗಾಗುತ್ತಾ ಹೋಗುವ ಆಕಾರದ್ದು, ಹಾಗಾಗಿ ಮುಂದೆ ಗಾರೆಯ ಗೆರೆ ಕಾಣುವುದೇ ಇಲ್ಲ. ನೋಡಲು ಬಲು ಚೆಂದ, ಆದರೆ ಹಿಂದಿನ ಪದರಕ್ಕೆ ಹಿಡಿತ ಕಡಿಮೆ. ಭೂಮಿ ಅಲುಗಿದಾಗ ಮೂರು ಪದರ ಮೂರು ದಿಕ್ಕಿಗೆ ಆಡುತ್ತವೆ, ಹೊರಗಿನದು ಉಬ್ಬಿ ಬೀಳುತ್ತದೆ.

ಆಮೇಲೆ ಛಾವಣಿ. ಝಿಂಗಟಿ ಎಂಬ ಸಣ್ಣ ಹೆಂಚನ್ನು ನಮ್ಮ ಮಂಗಳೂರು ಹೆಂಚಿನ ಹಾಗೆ ರೀಪಿಗೆ ಸಿಕ್ಕಿಸುವುದಿಲ್ಲ, ದಪ್ಪ ಮಣ್ಣಿನ ಹಾಸಿನ ಮೇಲೆ ಕೂರಿಸುತ್ತಾರೆ. ತೂಕ ವಿಪರೀತ. ಮಣ್ಣಿದ್ದ ಮೇಲೆ ಹುಲ್ಲು ಬೆಳೆಯುತ್ತದೆ, ಬೇರು ಹೆಂಚನ್ನು ಎತ್ತುತ್ತದೆ, ನೀರು ಇಳಿದು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯನ್ನು ಕೊಳೆಸುತ್ತದೆ. ಹೊರಗಿನಿಂದ ತೊಲೆ ಗಟ್ಟಿಮುಟ್ಟಾಗೇ ಕಾಣುತ್ತದೆ! ಕೃಷ್ಣ ಮಂದಿರದ ಪಕ್ಕದ ವಿಶ್ವನಾಥ ದೇವಸ್ಥಾನ 2015ಕ್ಕೆ ಬಹಳ ಮೊದಲೇ ಬಿದ್ದದ್ದು ಭೂಕಂಪದಿಂದಲ್ಲ, ಮಳೆಯಿಂದ. 2015ರಲ್ಲೂ ಹಲವು ಕಡೆ ಅರ್ಧ ಕೆಲಸವನ್ನು ನೀರು ಮೊದಲೇ ಮುಗಿಸಿಟ್ಟಿತ್ತು.

ಎಲ್ಲಕ್ಕಿಂತ ಮುಖ್ಯ ಕಂಬದ ಬುಡ. ಮರದ ಕಂಬದ ತುದಿಯಲ್ಲಿ ಗೂಟದಂಥ ಚಾಚು ಬಿಟ್ಟು, ಅದನ್ನು ಅಡಿಗಲ್ಲಿನ ಗುಳಿಯಲ್ಲಿ ಕೂರಿಸುವುದು ಪದ್ಧತಿ. ಆ ಚಾಚು ಕೊಳೆತರೆ ಕಂಬ ಕಲ್ಲಿನ ಮೇಲೆ ಬರಿದೇ ನಿಂತಿರುತ್ತದೆ. ಒಂದು ಅಡ್ಡ ಕುಲುಕಿಗೆ ಜಾರುತ್ತದೆ. ಅದೇ ಭೂಕಂಪದಲ್ಲಿ ಬಿದ್ದ ಕಾಠ್ಮಂಡುವಿನ ಹಳೆಯ ಮರದ ಮಂಟಪ, ಕಾಷ್ಠಮಂಡಪದ ಅವಶೇಷ ಅಗೆದಾಗ ತಳಪಾಯ ಗಟ್ಟಿಯಾಗಿಯೇ ಇತ್ತು. ನಡುವಿನ ನಾಲ್ಕು ದೊಡ್ಡ ಕಂಬಗಳಲ್ಲಿ ಒಂದರ ಅಡಿಗಲ್ಲೇ ಇರಲಿಲ್ಲ. ಪಾಟನ್ನಿನ ಹರಿಶಂಕರದ ಕೆಳಗಿನ ಕಂಬಸಾಲು, ಮಣಿಮಂಟಪದ ಕಂಬಗಳು ಇವುಗಳ ಮುಂದೆ ಕೂತು ನೋಡಿ. ಬುಡದಲ್ಲಿ ತಿಳಿ ಬಣ್ಣದ ಹೊಸ ಮರವನ್ನು ಹಳೆಯ ಕಪ್ಪು ಕೆತ್ತನೆಗೆ ಬೆಸೆದ ಗೆರೆ ಕಾಣುತ್ತದೆ. ಛಾವಣಿಯ ಅಂಚಿಗೆ ಆಸರೆ ಕೊಡುವ ಟುಂಡಾಲ್ ಎಂಬ ಕೆತ್ತನೆಯ ಊರುಗೋಲುಗಳಲ್ಲಿಯೂ ಹಾಗೇ: ದೇವರ ಮುಖ ಹಳೆಯದು, ಒಂದು ಕೈ ಹೊಸದು. ಬಿದ್ದ ದಿನವೇ ಊರಿನವರು, ಪೊಲೀಸರು, ಸೈನಿಕರು ಸೇರಿ ತುಂಡುಗಳನ್ನು ಅರಮನೆಯ ಅಂಗಳಕ್ಕೆ ಸಾಗಿಸಿದ್ದರಿಂದ ಇದು ಸಾಧ್ಯವಾಯಿತು. ಇಲ್ಲದಿದ್ದರೆ ಕಳ್ಳಸಾಗಣೆಗೆ ಎಷ್ಟು ಹೋಗುತ್ತಿತ್ತೋ.

ಕೆಲಸ ಮಾಡಿಸಿದ್ದು ಬಹುಪಾಲು ಕಾಠ್ಮಂಡು ವ್ಯಾಲಿ ಪ್ರಿಸರ್ವೇಶನ್ ಟ್ರಸ್ಟ್. ಹಳೆಯ ಮರವನ್ನೇ ಉಳಿಸುವುದು, ಬೇಕಾದಲ್ಲಿ ಕಣ್ಣಿಗೆ ಬೀಳದಂತೆ ಉಕ್ಕು ಸೇರಿಸುವುದು ಅವರ ರೀತಿ. ಉಕ್ಕು ಏಕೆ, ಚುಕುಲ್ ಎಂಬ ಮರದ ಬೆಣೆಯಿಂದ ತೊಲೆ ಬಿಗಿಯುವ ಹಳೆಯ ಕ್ರಮವೇ ಸಾಲದೆ ಎಂದು ತಕರಾರು ತೆಗೆಯುವವರೂ ಇದ್ದಾರೆ. ಬೆಣೆ ಒಳ್ಳೆಯದೇ, ಅಲುಗಾಡಲು ತುಸು ಆಸ್ಪದ ಕೊಟ್ಟು ಹಿಡಿದಿಡುತ್ತದೆ. ಆದರೆ ಅದು ಕಾಯುವುದು ಮೇಲಿನ ತೊಲೆಯನ್ನು. ಕಂಬ ಕಲ್ಲಿನಿಂದ ಜಾರುವುದನ್ನು ಅದು ತಡೆಯುವುದಿಲ್ಲ. ಇಲ್ಲಿ ಟ್ರಸ್ಟಿನವರ ಪಕ್ಷವೇ ಸರಿ ಅನ್ನಿಸುತ್ತದೆ. ಕಾಠ್ಮಂಡುವಿನ ಹಳೆಯ ಕೊಳ ರಾಣಿ ಪೋಖರಿಯಲ್ಲಿ ಕಾಂಕ್ರೀಟ್ ಸುರಿಯಲು ಹೋಗಿ, ಜನ ತಿರುಗಿಬಿದ್ದ ಮೇಲೆ ಇಟ್ಟಿಗೆ, ಸುರ್ಕಿ (ಇಟ್ಟಿಗೆ ಪುಡಿ, ಸುಣ್ಣ) ಗಾರೆಗೆ ಮರಳಿದ್ದು ಬೇರೆಯೇ ಮಾತು.

ಮ್ಯೂಸಿಯಂ ಇರುವುದು 1734ರ ಕೇಶವ ನಾರಾಯಣ ಚೌಕ್‌ನಲ್ಲಿ. ಆಸ್ಟ್ರಿಯಾದ ನೆರವಿನಿಂದ ದುರಸ್ತಿಯಾಗಿ 1997ರಲ್ಲಿ ತೆರೆಯಿತು. ಇಂಥ ಮ್ಯೂಸಿಯಂ ನಮ್ಮಲ್ಲಿ ಯಾಕಿಲ್ಲ ಎಂದು ಹೊಟ್ಟೆಕಿಚ್ಚು ಪಡುವಷ್ಟು ಚೆನ್ನಾಗಿದೆ. ವಸ್ತುಗಳು ಗಿಜಿಗುಟ್ಟುವುದಿಲ್ಲ, ಬೆಳಕು ಹದವಾಗಿದೆ, ಮುದ್ರೆ ಯಾವುದು, ಆಯುಧ ಯಾವುದು, ಇವನು ಬೋಧಿಸತ್ವ ಅವಲೋಕಿತೇಶ್ವರ ಎಂದು ಗುರುತಿಸುವುದು ಹೇಗೆ ಎಂದು ವಿವರಗಳು ಸರಳವಾಗಿ ಹೇಳುತ್ತವೆ. ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುವುದನ್ನೂ ತಗಡು ತಟ್ಟಿ ಉಬ್ಬುಚಿತ್ರ ಎಬ್ಬಿಸುವುದನ್ನೂ ಹಂತಹಂತವಾಗಿ ತೋರಿಸುವ ಕೋಣೆಯನ್ನು ಬಿಡಬೇಡಿ. ಚೌಕದ ಕಡೆಗಿರುವ ಕಿಟಕಿಯ ಆಸನದಲ್ಲಿ ಕೂತರೆ ದೇವಸ್ಥಾನಗಳ ಛಾವಣಿ ಕಣ್ಣಿನ ಮಟ್ಟದಲ್ಲಿ ಸಿಗುತ್ತದೆ. ಮಣ್ಣು, ಹೆಂಚು, ಹುಲ್ಲಿನ ಕಥೆ ಅಲ್ಲಿಂದ ತಾನಾಗಿ ತಿಳಿಯುತ್ತದೆ.

ಕುಂದು ಇಲ್ಲದಿಲ್ಲ. ಮೆಟ್ಟಿಲುಗಳು ಏಣಿಯಷ್ಟು ಕಡಿದು, ಬಾಗಿಲುಗಳು ಗಿಡ್ಡ. ಮಂಡಿನೋವಿನವರು ಕೆಳಗಿನ ಅಂಗಳ ಮತ್ತು ಹಿಂದಿನ ತೋಟದ ಕೆಫೆಗೇ ತೃಪ್ತಿಪಡಬೇಕು. ಬಾಗಿಲಲ್ಲೇ ಗಂಟುಬೀಳುವ ಗೈಡುಗಳಲ್ಲಿ ಕೆಲವರು ಕಾಮಶಿಲ್ಪ ತೋರಿಸುವುದರಲ್ಲೇ ಮುಗಿಸುತ್ತಾರೆ. ಗೈಡ್ ಬೇಕೆಂದರೆ, “ಹರಿಶಂಕರದಲ್ಲಿ ಹೊಸ ಮರ ಎಲ್ಲಿದೆ?” ಎಂದು ಕೇಳಿ ನೋಡಿ. ಬೆರಳು ತೋರಿಸಿದವರನ್ನು ಇಟ್ಟುಕೊಳ್ಳಿ.

ಮೂಲ ಚೌಕ್‌ನಲ್ಲಿ ಕನ್ನಡಿಗರು ಎರಡು ನಿಮಿಷ ಹೆಚ್ಚು ನಿಲ್ಲಬಹುದು. ಮಲ್ಲ ಅರಸರ ಕುಲದೇವತೆ ತಲೇಜುವಿನ ಸ್ಥಾನ ಅದು. ಮಿಥಿಲೆಯನ್ನು ಆಳಿದ ಕರ್ಣಾಟ ವಂಶದ ಹರಿಸಿಂಹದೇವನ ಜೊತೆ ಈ ದೇವಿ ಇಲ್ಲಿಗೆ ಬಂದಳೆಂಬುದು ಐತಿಹ್ಯ; ವಂಶದ ಮೂಲಪುರುಷ ನಾನ್ಯದೇವನ ಬೇರು ನಮ್ಮ ಕಡೆಯದು. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರೂ ನಮ್ಮವರೇ, ಅದು ಎಲ್ಲರಿಗೂ ಗೊತ್ತು.

ಕಾಠ್ಮಂಡುವಿನಿಂದ ಟ್ಯಾಕ್ಸಿಗೆ ಪಾಟನ್ ಢೋಕಾ ಎನ್ನಿ; ಅಲ್ಲಿಂದ ಓಣಿಗಳಲ್ಲಿ ಹತ್ತು ಹದಿನೈದು ನಿಮಿಷದ ನಡಿಗೆ. ಬೆಳಗ್ಗೆ ಬೇಗ ಹೋದರೆ ಕೃಷ್ಣ ಮಂದಿರದಲ್ಲಿ ಭಜನೆ, ಹೂ ಹಿಡಿದ ಹೆಂಗಸರು. ಮೊದಲ ಅಂತಸ್ತಿನ ಮಹಾಭಾರತದ ಪಟ್ಟಿಕೆ, ಎರಡನೆಯದರ ರಾಮಾಯಣದ ಪಟ್ಟಿಕೆ ನೋಡಲು ಆಗ ಗದ್ದಲವಿರುವುದಿಲ್ಲ. ಮ್ಯೂಸಿಯಂಗೆ ಮೊದಲು ಉತ್ತರದ ಭೀಮಸೇನ ದೇವಸ್ಥಾನದಿಂದ ದಕ್ಷಿಣಕ್ಕೆ ಚೌಕ ಮುಗಿಸಿ ಒಳಗೆ ಹೋಗಿ. ಸುಂದರಿ ಚೌಕ್‌ನ ತುಸಾ ಹಿಟಿ, ರಾಜನ ಸ್ನಾನದ ಕೊಳ, ಕೊನೆಗಿರಲಿ. ಚಿಕ್ಕ ಟಾರ್ಚ್ ಒಂದು ಜೇಬಿನಲ್ಲಿರಲಿ, ಕಂಬದ ಬುಡ ಹಗಲಲ್ಲೂ ಕತ್ತಲು.