ನೆನಪು ತಿದ್ದುವ ಕಥೆ: ನೋಡುವುದೋ, ಆಡುವುದೋ?

ತುಮಕೂರಿನಲ್ಲಿ ಭಾನುವಾರ ಮಳೆ ಹಿಡಿದರೆ ಅಕ್ಕನ ಮಗಳು ಕೇಳುವುದು ಒಂದೇ: ಸಿನಿಮಾವೋ, ಗೇಮೋ?

ಎರಡು ಗಂಟೆಯೊಳಗೆ ಮುಗಿಯಬೇಕಿದ್ದರೆ 2004ರ ‘ಎಟರ್ನಲ್ ಸನ್‌ಶೈನ್ ಆಫ್ ದಿ ಸ್ಪಾಟ್‌ಲೆಸ್ ಮೈಂಡ್’ ನೋಡಿ. ಪ್ರೇಯಸಿಯ ನೆನಪನ್ನು ಅಳಿಸಿಕೊಳ್ಳಲು ಹೋದ ಜೋಯೆಲ್, ನಡುವೆಯೇ ಅದನ್ನು ಬಚ್ಚಿಡಲು ಓಡುತ್ತಾನೆ. ನಾವು ಅಸಹಾಯಕರಾಗಿ ನೋಡುತ್ತೇವೆ.

2013ರ ‘ರಿಮೆಂಬರ್ ಮಿ’ ಗೇಮಿನಲ್ಲಿ ತಿದ್ದುವ ಕೈ ನಮ್ಮದೇ. ಇನ್ನೊಬ್ಬರ ನೆನಪನ್ನು ಹಿಂದೆ ಮುಂದೆ ಓಡಿಸಿ ಸಣ್ಣ ವಿವರವೊಂದನ್ನು ಬದಲಿಸಿದರೆ ಆ ವ್ಯಕ್ತಿಯ ಮನಸ್ಸೇ ತಿರುಗುತ್ತದೆ. ಆಗ ಚುಚ್ಚುವ ತಪ್ಪಿತಸ್ಥ ಭಾವ ಸಿನಿಮಾದಲ್ಲಿ ಸಿಗದು. ಆದರೆ ಅಂಥ ದೃಶ್ಯಗಳು ಕೆಲವೇ, ಹೆಚ್ಚಿನದು ಹೊಡೆದಾಟ.

ನನ್ನ ಆಯ್ಕೆ 2011ರ ‘ಟು ದಿ ಮೂನ್’ ಗೇಮ್: ಸಾಯುತ್ತಿರುವ ಮುದುಕನ ಕೊನೆಯಾಸೆಗಾಗಿ ವೈದ್ಯರಿಬ್ಬರು ಅವನ ನೆನಪುಗಳಲ್ಲಿ ಬಾಲ್ಯದತ್ತ ಹಿಂದೆ ಸಾಗುತ್ತಾರೆ. ಹಳೆಯ ಕಂಪ್ಯೂಟರೂ ಸಾಕು. ಮುಗಿಸಿದ ರಾತ್ರಿ ನಾನು ತೀರಿಹೋದ ಅಜ್ಜನ ಫೋಟೊ ಹುಡುಕಿ ತೆಗೆದೆ.