ಡಮಾಸ್ಕಸ್ ನಳಿಗೆಯೋ, ಕಳಚುವ ಲಾಕೋ: ಹಳೆಯ ಜೋಡುನಳಿಗೆ ಕೋವಿಗಳ ಹೋಲಿಕೆ

ಕೊಡಗಿನ ಐನ್‌ಮನೆಗಳಲ್ಲಿಯೂ (ಕೊಡವ ಕುಟುಂಬಗಳ ಮೂಲಮನೆಗಳು) ಕಾಫಿ ತೋಟಗಳ ಹಳೆಯ ಬಂಗಲೆಗಳಲ್ಲಿಯೂ ಉಳಿದುಬಂದಿರುವ ಜೋಡುನಳಿಗೆ ಕೋವಿಗಳಲ್ಲಿ ಸಂಗ್ರಾಹಕರನ್ನು ಹೆಚ್ಚಾಗಿ ಸೆಳೆಯುವುದು ಎರಡು ಬಗೆಯವು. ಒಂದು, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತಯಾರಾದ, ಕುದುರೆಗಳು (ಬಡಿದು ಈಡು ಹಾರಿಸುವ ಸುತ್ತಿಗೆಗಳು) ಹೊರಗೇ ಕಾಣುವ ಡಮಾಸ್ಕಸ್ ನಳಿಗೆಯ ಕೋವಿ. ಇನ್ನೊಂದು, ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆಯು 1897ರಲ್ಲಿ ಪೇಟೆಂಟ್ ಪಡೆದ, ಲಾಕುಗಳನ್ನು, ಅಂದರೆ ಈಡು ಹಾರಿಸುವ ಯಂತ್ರಭಾಗಗಳನ್ನು, ಬರಿಗೈಯಿಂದಲೇ ಕಳಚಿ ತೆಗೆಯಬಹುದಾದ ಕೋವಿ. ಮೊದಲನೆಯದು ನನ್ನ ಸೋದರಮಾವನ ಮನೆಯಲ್ಲಿದೆ. ಎರಡನೆಯದು ಅವರ ನೆರೆಯ ತೋಟದ ಮಾಲೀಕರದು. ಎರಡೂ 12 ಬೋರಿನವು (ಬೋರ್ ಎಂದರೆ ನಳಿಗೆಯ ಒಳವ್ಯಾಸದ ಅಳತೆ). ಮನೆಯವರ ಸಮ್ಮುಖದಲ್ಲಿ ಇವೆರಡನ್ನೂ ಬಿಚ್ಚಿ, ಅಳೆದು, ಹೆಗಲಿಗೇರಿಸಿ ನೋಡಿದ ಮೇಲೆ, ಅಪರೂಪದ ಕೋವಿಯೊಂದನ್ನು ಕಾಪಾಡಿಕೊಳ್ಳಬೇಕೆನ್ನುವವರಿಗೆ ಎರಡನೆಯದೇ ಹೆಚ್ಚು ಯೋಗ್ಯವೆಂಬ ನಿರ್ಧಾರಕ್ಕೆ ಬಂದಿದ್ದೇನೆ.

ಚೆಲುವಿನ ಮಾತು ಬಂದರೆ ಡಮಾಸ್ಕಸ್ ನಳಿಗೆಗೆ ಸಾಟಿಯಿಲ್ಲ. ಕಬ್ಬಿಣ ಮತ್ತು ಉಕ್ಕಿನ ತೆಳು ಪಟ್ಟಿಗಳನ್ನು ಬೆಸೆದು, ಕಾಯಿಸಿ, ಹುರಿಗೊಳಿಸಿ, ಅಂತಹ ಹಲವು ಸರಳುಗಳನ್ನು ಒಂದಾಗಿ ಸೇರಿಸಿದ ಪಟ್ಟಿಯನ್ನು ದಿಂಡಿನ ಸುತ್ತ ಸುತ್ತಿ, ಬಡಿದು ಬೆಸೆದು ಈ ನಳಿಗೆಯನ್ನು ಮಾಡುತ್ತಿದ್ದರು. ಬೆಲ್ಜಿಯಮ್ಮಿನ ಲೀಜ್ ನಗರ ಈ ಕೆಲಸಕ್ಕೆ ಹೆಸರಾಗಿತ್ತು. ಬ್ರಿಟನ್ನಿನ ಅನೇಕ ಕೋವಿಗಳಿಗೂ ನಳಿಗೆ ಅಲ್ಲಿಂದಲೇ ಬರುತ್ತಿತ್ತು. ಕೊನೆಯಲ್ಲಿ ಆಮ್ಲದಿಂದ ಕಂದುಬಣ್ಣ ಏರಿಸಿದಾಗ ಎರಡು ಲೋಹಗಳೂ ಬೇರೆಬೇರೆಯಾಗಿ ತೋರಿ, ನಳಿಗೆಯುದ್ದಕ್ಕೂ ಸುರುಳಿ ಚಿತ್ತಾರ ಮೂಡುತ್ತದೆ. ಆದರೆ ಅಗ್ಗದ ಸಾದಾ ನಳಿಗೆಗಳ ಮೇಲೆ ಇದೇ ಚಿತ್ತಾರವನ್ನು ಮೇಲ್ಮೈಗೆ ಮಾತ್ರ ಬಿಡಿಸಿ ಮಾರಿದ್ದೂ ಉಂಟು. ಆದ್ದರಿಂದ ನಳಿಗೆಯ ಕೆಳಗಿನ ಮುಂಗೈ ಮರವನ್ನು ಕಳಚಿ, ಅದರಡಿಯಲ್ಲಿಯೂ ಸುರುಳಿಗಳು ಮುಂದುವರಿದಿವೆಯೇ ಎಂದು ನೋಡಲೇಬೇಕು. ಮಾವನ ಕೋವಿಯಲ್ಲಿ ಅವು ಮುಂದುವರಿದಿವೆ. ನಳಿಗೆಗಳನ್ನು ಬೇರ್ಪಡಿಸಿ, ಅವುಗಳ ಬುಡದ ಕೊಕ್ಕೆಗೆ ಬೆರಳು ಕೊಟ್ಟು ತೂಗಾಡಿಸಿ, ಉಗುರಿನಿಂದ ತಟ್ಟಿದಾಗ ದೇವಸ್ಥಾನದ ಗಂಟೆಯ ಹಾಗೆ ನಾದ ಉಳಿಯಿತು. ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಸಡಿಲವಾಗಿದ್ದರೆ ಸದ್ದು ಮಂಕಾಗಿ ಅಲ್ಲಿಯೇ ಅಡಗುತ್ತದೆ.

ಕೋವಿಯ ಕಾಲವನ್ನು ತಿಳಿಯಲು ಮನೆತನದ ನೆನಪಿಗಿಂತ ನಳಿಗೆಯ ಅಡಿಯಲ್ಲಿರುವ ಪರೀಕ್ಷಾ ಮುದ್ರೆಗಳೇ (ಮದ್ದಿನ ಒತ್ತಡ ತಾಳಿದ ನಳಿಗೆಗೆ ಒತ್ತುವ ಗುರುತುಗಳು) ಹೆಚ್ಚು ನಂಬಿಕೆಗೆ ಅರ್ಹ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಿಂದ ನಡೆದುಬಂದಿದೆ. ಮಾವನ ಕೋವಿಯ ಮೇಲಿರುವ ‘ನಾಟ್ ಫಾರ್ ಬಾಲ್’ (ಒಂಟಿ ಗುಂಡಿಗಲ್ಲ) ಎಂಬ ಮುದ್ರೆಯನ್ನು, ಬಾಯಿ ಕಿರಿದಾಗಿಸಿದ ನಳಿಗೆಗಳಿಗೆ 1875ರಿಂದ 1887ರವರೆಗೆ ಮಾತ್ರ ಒತ್ತುತ್ತಿದ್ದರು. ಅಂದರೆ ಈ ಕೋವಿ ಕರಿಮದ್ದಿನ ಕಾಲದ್ದು, ಪರೀಕ್ಷೆಯೂ ಕರಿಮದ್ದಿಗೆ ಮಾತ್ರ ಆಗಿದೆ. ಈಗಿನ ಹೊಗೆರಹಿತ ಮದ್ದಿನ ತೋಟಾವನ್ನು ಇದಕ್ಕೆ ತುಂಬುವುದು ಅಪಾಯಕರವಾದ್ದರಿಂದ ನಾನು ಇದರಿಂದ ಈಡು ಹೊಡೆಯಲಿಲ್ಲ. ಅಭ್ಯಾಸದ ಹುಸಿ ತೋಟಾ ಹಾಕಿ ಲಾಕುಗಳನ್ನು ಮಾತ್ರ ಪರೀಕ್ಷಿಸಿದೆ. ಹೆಬ್ಬೆರಳಿನಿಂದ ಒಂದೊಂದೇ ಕುದುರೆಯನ್ನು ಹಿಂದಕ್ಕೆಳೆಯುವಾಗ ಸ್ಪ್ರಿಂಗಿನ ಬಿಗಿ ಕೈಗೆ ಇಷ್ಟಿಷ್ಟೇ ತಿಳಿಯುತ್ತ ಹೋಗುವ ಆ ಸುಖವನ್ನು ನಂತರದ ಯಾವ ಕೋವಿಯೂ ನನಗೆ ಕೊಟ್ಟಿಲ್ಲ.

ವೆಸ್ಟ್ಲಿ ರಿಚರ್ಡ್ಸ್ ಕೋವಿಯ ಸೊಗಸು ಇರುವುದು ಒಳಗೆ. ಇದೇ ಸಂಸ್ಥೆಯಲ್ಲಿದ್ದ ಆನ್ಸನ್ ಮತ್ತು ಡೀಲಿ ಎಂಬಿಬ್ಬರು 1875ರಲ್ಲಿ, ನಳಿಗೆಯನ್ನು ಬಗ್ಗಿಸಿದೊಡನೆ ಒಳಗಿನ ಕುದುರೆಗಳು ತಾವಾಗಿಯೇ ಸಜ್ಜಾಗುವ ಬಾಕ್ಸ್‌ಲಾಕನ್ನು ರೂಪಿಸಿದರು. ಅದೇ ವಿನ್ಯಾಸವನ್ನು ಮುಂದುವರಿಸಿ ಮಾಡಿದ್ದು ಈ ಕಳಚುವ ಲಾಕು. ತಳದ ಮುಚ್ಚಳವನ್ನು ತೆರೆದು, ಎಡಬಲದ ಲಾಕುಗಳನ್ನು ಬೆರಳಿನಿಂದ ಹಿಡಿದು ಕೆಳಕ್ಕೆಳೆದರೆ, ತಿರುಪುಳಿಯ ಹಂಗಿಲ್ಲದೆ ಇಡೀ ಯಂತ್ರ ಅಂಗೈಗೆ ಬರುತ್ತದೆ. ಆ ಪುಟ್ಟ ಲಾಕಿನ ಒಂದೊಂದು ಮುಖವೂ ಕನ್ನಡಿಯಷ್ಟು ನುಣುಪಾಗಿದೆ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಇಷ್ಟು ಶ್ರದ್ಧೆಯಿಂದ ದುಡಿದ ಕುಶಲಕರ್ಮಿಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಉಪಯೋಗವೂ ಸಣ್ಣದಲ್ಲ. ಕೊಡಗಿನ ಮಳೆಗಾಲದಲ್ಲಿ ತೇವ ಮೊದಲು ಸೇರುವುದೇ ಇಂತಹ ಸಂದಿಗಳಿಗೆ. ಮಾವನ ಕೋವಿಯ ಲಾಕನ್ನು ಒರೆಸಬೇಕಾದರೆ ನುರಿತವರು ತಿರುಪುಗಳನ್ನು ಬಿಚ್ಚಬೇಕು, ಇದನ್ನಾದರೋ ಮನೆಯವರೇ ಕಳಚಿ, ಎಣ್ಣೆ ಸವರಿ, ಮತ್ತೆ ಕೂರಿಸಬಹುದು.

ಈ ಕೋವಿಯ ಮೇಲೆ ಕಿರೀಟದ ಕೆಳಗೆ ‘ಎನ್‌ಪಿ’ (ನೈಟ್ರೋ ಪ್ರೂಫ್) ಎಂಬ ಅಕ್ಷರಗಳಿವೆ. ಇದು 1904ರ ನಿಯಮಗಳೊಂದಿಗೆ ಬಂದ, ಹೊಗೆರಹಿತ ಮದ್ದಿನ ಪರೀಕ್ಷೆಯ ಗುರುತು. ನಳಿಗೆಯ ಗೋಡೆಯ ದಪ್ಪವನ್ನೂ ತೋಟಾ ಕೂರುವ ಕೋಣೆಯನ್ನೂ ಅಳೆಯಿಸಿದಾಗ, ಕೋಣೆ ಎರಡೂವರೆ ಅಂಗುಲದ್ದೆಂದು ತಿಳಿಯಿತು. ಇಂತಹುದಕ್ಕೆ 65 ಮಿ.ಮೀ. ತೋಟಾ ಸರಿಯೇ ಹೊರತು, ಈಗ ಸಾಮಾನ್ಯವಾಗಿರುವ 70 ಮಿ.ಮೀ. ತೋಟಾ ಸಲ್ಲದು. ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಮಾಲೀಕರು ನನಗೂ ಇದನ್ನು ಕೊಟ್ಟರು. ಕೋವಿ ಹೆಗಲಿಗೆ ತಾನಾಗಿ ಬಂದು ಕೂತಂತಾಯಿತು; ಭಾರವೆಲ್ಲ ಎರಡು ಕೈಗಳ ನಡುವೆಯೇ ನಿಂತಿತು, ಒದೆತ ಹಿತವಾಗಿತ್ತು.

ಲಂಡನ್ನಿನಲ್ಲಿ ತಯಾರಾದ ಸೈಡ್‌ಲಾಕ್ (ಲಾಕುಗಳು ಬದಿಯ ತಟ್ಟೆಗಳ ಮೇಲಿರುವ ಕೋವಿ) ಒಂದನ್ನೂ ಇವುಗಳ ಜೊತೆಗಿಟ್ಟು ನೋಡಿದೆ. ಅದರ ಕೆತ್ತನೆ ಇವೆರಡಕ್ಕಿಂತಲೂ ನಾಜೂಕಾಗಿತ್ತು. ಆದರೆ ಎಂದೋ ಮುರಿದ ಹೆಗಲಿಗೊರಗುವ ಅಕ್ರೋಟ್ ಮರದ ಹಿಂಬದಿಯ ಬದಲಿಗೆ ಬೀಟೆ ಮರವನ್ನು ಕೂರಿಸಿದ್ದರಿಂದ ಕೋವಿ ಹಿಂದಕ್ಕೆ ತೂಗುತ್ತಿತ್ತು. ಬೀಟೆ ಸುಂದರವಾದ ಮರವೇ ಆದರೂ ಸಂಗ್ರಾಹಕನ ಲೆಕ್ಕದಲ್ಲಿ ಅದು ಕೋವಿಯ ಮೂಲ ಅಂಗವಲ್ಲ.

ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ, ನಾಗರಿಕರ ಬಂದೂಕುಗಳ ಆಮದಿಗೆ 1980ರ ದಶಕದ ನಿರ್ಬಂಧಗಳೂ ತೆರೆ ಎಳೆದ ಮೇಲೆ, ನಮ್ಮಲ್ಲಿ ಹಳೆಯ ವಿಲಾಯತಿ ಕೋವಿಗಳ ಬೆಲೆ ಅವುಗಳ ಗುಣಕ್ಕಿಂತ ಹೆಸರಿಗೆ ಹೆಚ್ಚು ಅಂಟಿಕೊಂಡಿದೆ. ಎಷ್ಟೇ ಹಳೆಯದಾದರೂ ಈಡು ಹೊಡೆಯಬಲ್ಲ ಕೋವಿಗೆ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಈ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಮಾವನ ಕೋವಿಯನ್ನು ಮಾರಬಾರದೆಂದೇ ನಾನು ಅವರಿಗೆ ಹೇಳಿದ್ದೇನೆ, ಏಕೆಂದರೆ ಅದರ ಮೌಲ್ಯ ಆ ಮನೆಯಲ್ಲಿಯೇ ಹೆಚ್ಚು. ಹೊಸದಾಗಿ ಸಂಗ್ರಹಕ್ಕೆ ತೊಡಗುವವರು ಕಳಚುವ ಲಾಕಿನದನ್ನೇ ಅರಸಲಿ. ಕೊಳ್ಳುವ ಮುನ್ನ ನಳಿಗೆ, ಮುಂಗೈ ಮರ ಮತ್ತು ಲಾಕುಗಳನ್ನು ಹಿಡಿದಿಡುವ ಲೋಹದ ಕವಚದ ಮೇಲಿನ ಕ್ರಮಸಂಖ್ಯೆಗಳು ಒಂದೇ ಆಗಿವೆಯೇ ಎಂದು ನೋಡಬೇಕು. ಬಿಡಿ ಲಾಕುಗಳ ಜೋಡಿಯೂ ಜೊತೆಗೆ ಬಂದರೆ, ಅವು ಅದೇ ಕೋವಿಗೆಂದು ಮಾಡಿದವುಗಳೇ ಎಂಬುದನ್ನು ಕೂರಿಸಿ, ಹುಸಿ ತೋಟಾದಿಂದ ಪರೀಕ್ಷಿಸಿದ ನಂತರವೇ ಬೆಲೆಯ ಮಾತಿಗೆ ಇಳಿಯಬೇಕು.